ಗೊರವಂಕಕ್ಕೆ ಅಲ್ಲಿ ಗ್ಯಾಸು, ಕ್ಯಾಟ್‌ಫಿಶ್‌ಗೆ ಇಲ್ಲಿ ಗುಂಡಿ

ಭಾಗ 1

ಫೋಟೋದಲ್ಲಿರೋ ಹಕ್ಕಿ ನಿಮಗೆಲ್ಲ ಗೊತ್ತು. ಹಳದಿ ಕಾಲು, ಹಳದಿ ಕೊಕ್ಕು, ಕಣ್ಣಿನ ಪಕ್ಕ ಹಳದಿ ಪಟ್ಟಿ. ಕ್ಯಾಂಟೀನ್ ಮುಂದೆ ನಮ್ಮ ತಟ್ಟೆಯಲ್ಲಿ ತನಗೂ ಪಾಲಿದೆ ಅನ್ನೋ ಹಾಗೆ ಎದೆಯುಬ್ಬಿಸಿ ನಡೆಯೋ ಗೊರವಂಕ. ಮೈನಾ ಅಂದ್ರೂ ಅದೇ. ಇದನ್ನ ಹಿಡಿದು ಸಾಯಿಸಬೇಕು ಅಂತ ಶಿವಮೊಗ್ಗದಲ್ಲಿ ಯಾರಿಗಾದ್ರೂ ಯಾವತ್ತಾದ್ರೂ ಅನ್ನಿಸಿದೆಯಾ?

ಆಸ್ಟ್ರೇಲಿಯಾದಲ್ಲಿ ಅನ್ನಿಸಿದೆ. 1862ರಲ್ಲಿ ಮೆಲ್ಬರ್ನ್‌ನ ತರಕಾರಿ ತೋಟಗಳ ಹುಳ ತಿನ್ನಲಿ ಅಂತ ಮನುಷ್ಯರೇ ಅದನ್ನ ಹಡಗಿನಲ್ಲಿ ಕರ್ಕೊಂಡು ಹೋಗಿ ಬಿಟ್ಟರು. ಈಗ ಅಲ್ಲಿ ಅದರ ಹೆಸರೇ 'ಇಂಡಿಯನ್ ಮೈನಾ'. ಮರದ ಪೊಟರೆಗಳಲ್ಲಿ ಗೂಡು ಕಟ್ಟೋ ಅಲ್ಲಿನ ಹಕ್ಕಿಗಳನ್ನ ಓಡಿಸುತ್ತೆ ಅನ್ನೋದು ಅದರ ಮೇಲಿನ ಆರೋಪ. ಹಿತ್ತಲಲ್ಲಿ ಬೋನಿಟ್ಟು ಹಿಡಿದು, ಗ್ಯಾಸ್ ಬಿಟ್ಟು ಕೊಲ್ಲುವ ಸ್ವಯಂಸೇವಕರ ಗುಂಪುಗಳೇ ಅಲ್ಲಿವೆ.

2000ದಲ್ಲಿ ಐಯುಸಿಎನ್ ತಜ್ಞರು ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿ ಮಾಡಿದ್ರು. ಅದರಲ್ಲಿ ಹಕ್ಕಿಗಳು ಮೂರೇ ಮೂರು. ಒಂದು ಯುರೋಪಿನ ಸ್ಟಾರ್ಲಿಂಗ್. ಉಳಿದೆರಡು ಗೊರವಂಕ ಮತ್ತು ನಮ್ಮ ಹಿತ್ತಲ ದಾಸವಾಳದ ಗಿಡದಲ್ಲಿ ಗೂಡು ಕಟ್ಟೋ ಕೆಂಪು ಬುಡದ ಪಿಕಳಾರ. ಅದೇ ಪಟ್ಟಿಯಲ್ಲಿ ನಮ್ಮ ದೇಶದಿಂದ ಹೋದ ಮುಂಗುಸಿಯೂ ಇದೆ.

ಈ ಸರಣಿ ಶುರು ಮಾಡಿದ್ದು ಯಾಕೆ ಅಂದ್ರೆ ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಒಂದು ಪ್ರಸ್ತಾಪ ಓಡ್ತಾ ಇದೆ. ಕೆರೆ ಸ್ವಚ್ಛತೆಯ ದಿನ 'ಜಿಲೇಬಿ ಬೇಟೆ' ಸ್ಪರ್ಧೆ. ಗಾಳ ಹಾಕಿ ಅತಿ ಹೆಚ್ಚು ಜಿಲೇಬಿ ಮೀನು ಹಿಡಿದವರಿಗೆ ಟಿ-ಶರ್ಟ್. ಪೋಸ್ಟರ್ ಮೇಲೆ ಬರೆದಿದ್ದು: 'ಹೊರಗಿನವರನ್ನ ಓಡಿಸೋಣ'. ನಾನು ಇದಕ್ಕೆ ವಿರುದ್ಧ ಇದ್ದೀನಿ. ಕಾರಣ ಒಂದೇ ಮೆಸೇಜ್‌ನಲ್ಲಿ ಮುಗಿಯೋದಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಭಾಗ 2

ಅದೇ ಗ್ರೂಪ್‌ಗೆ ಒಂದು ವಿಡಿಯೋನೂ ಬಂದಿತ್ತು, ನೋಡಿರ್ತೀರಿ. ಜೆಸಿಬಿ ಗುಂಡಿ ತೋಡುತ್ತೆ. ಟ್ರ್ಯಾಕ್ಟರಿನಿಂದ ಕಪ್ಪಗೆ ಹೊಳೆಯೋ ಮೀನುಗಳನ್ನ ಅದಕ್ಕೆ ಸುರೀತಾರೆ. ಮೇಲೆ ಬಿಳಿ ಪುಡಿ, ಆಮೇಲೆ ಮಣ್ಣು. ಕೆಳಗೆ ಚಪ್ಪಾಳೆ ಇಮೋಜಿಗಳ ಸಾಲು.

ಅದು ಆಫ್ರಿಕನ್ ಕ್ಯಾಟ್‌ಫಿಶ್. ನಮ್ಮ ದೇಶದಲ್ಲಿ ಅದನ್ನ ಸಾಕೋದಕ್ಕೆ ನಿಷೇಧ ಬಂದು ಎರಡು ದಶಕ ದಾಟಿದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೂಡ ಕಟ್ಟುನಿಟ್ಟಿನ ಆದೇಶ ಕೊಟ್ಟಿತು. ನಿಷೇಧಕ್ಕೆ ಒಳ್ಳೆ ಕಾರಣಗಳೇ ಇವೆ. ಬಾಯಿಗೆ ಸಿಕ್ಕಿದ್ದೆಲ್ಲ ತಿನ್ನುತ್ತೆ, ಬೇಗ ಬೆಳೆಯುತ್ತೆ, ಮಳೆಗಾಲದಲ್ಲಿ ಹೊಂಡ ತುಂಬಿ ಹರಿದ್ರೆ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸೇರುತ್ತೆ. ಒಂದು ಸಲ ಹೊಳೆ ಸೇರಿದ್ರೆ ಅಲ್ಲಿರೋ ಸಣ್ಣ ಮೀನು, ಕಪ್ಪೆ ಎಲ್ಲ ಅದರ ಊಟ. ಕೋಳಿ ಅಂಗಡಿಯ, ಕಸಾಯಿಖಾನೆಯ ತ್ಯಾಜ್ಯ ಹಾಕಿ ಸಾಕ್ತಾರೆ, ಅದು ಇನ್ನೊಂದು ಗಲೀಜು. ಆ ಮೀನು ತುಂಗೆಗೆ ಭದ್ರೆಗೆ ಇಳಿಯಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಆದ್ರೆ ಒಂದು ವಿಷಯ. ಕ್ಯಾಟ್‌ಫಿಶ್‌ಗೆ ಕಿವಿರಿನ ಜೊತೆ ಗಾಳಿಯನ್ನೇ ಉಸಿರಾಡೋಕೆ ಬೇರೆ ಅಂಗ ಇದೆ. ನೀರಿಲ್ಲದೆ, ಮೈ ಒದ್ದೆಯಿದ್ರೆ ಸಾಕು, ಗಂಟೆಗಟ್ಟಲೆ ಬದುಕುತ್ತೆ. ಮಾರ್ಕೆಟ್ಟಲ್ಲಿ ಬುಟ್ಟಿಯೊಳಗೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮಿಸುಕಾಡೋದನ್ನ ನೀವೇ ನೋಡಿದ್ದೀರಿ. ಯಾವ ಗುಣದಿಂದಾಗಿ ಅದು ಆಕ್ರಮಣಕಾರಿ ಅನ್ನಿಸಿಕೊಂಡಿತೋ ಅದೇ ಗುಣ ಗುಂಡಿಯೊಳಗೆ ಅದರ ಸಾವನ್ನ ಎಳೆಯುತ್ತೆ. ಮಣ್ಣು ಮುಚ್ಚಿದ ಮೇಲೆ ಕ್ಯಾಮೆರಾ ಆಫ್ ಆಗುತ್ತೆ, ಕೆಳಗೆ ಏನಾಗ್ತಾ ಇದೆ ಅಂತ ಯಾರೂ ಕೇಳಲ್ಲ.

'ಮೀನಿಗೆಲ್ಲ ನೋವಾಗುತ್ತಾ ಮಾರಾಯ' ಅಂತ ಕೇಳೋರಿಗೆ: 2003ರಲ್ಲೇ ಲಿನ್ ಸ್ನೆಡ್ಡನ್ ಮತ್ತು ಸಂಗಡಿಗರು ಟ್ರೌಟ್ ಮೀನುಗಳ ಮೇಲೆ ಪರೀಕ್ಷೆ ಮಾಡಿ, ಅವುಗಳ ತಲೆ ಭಾಗದಲ್ಲಿ ನೋವು ಗ್ರಹಿಸೋ ನರತುದಿಗಳಿವೆ ಅಂತ ತೋರಿಸಿದ್ರು. ತುಟಿಗೆ ಆಮ್ಲ ತಾಗಿದ ಮೀನುಗಳು ತಿನ್ನೋದು ಬಿಟ್ಟು ತುಟಿಯನ್ನ ಕಲ್ಲಿಗೆ ಉಜ್ಜುತ್ತಿದ್ವು. ಕಾನೂನಿಗೂ ಬನ್ನಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ 'ಪ್ರಾಣಿ' ಅಂದ್ರೆ ಮನುಷ್ಯನನ್ನ ಬಿಟ್ಟು ಎಲ್ಲ ಜೀವಿಗಳೂ. ಅದರಲ್ಲಿ 'ಸ್ಥಳೀಯ ಪ್ರಾಣಿ ಮಾತ್ರ' ಅಂತ ಎಲ್ಲೂ ಬರೆದಿಲ್ಲ.

ಊಟಕ್ಕೆ ಮೀನು ಕೊಲ್ಲೋರು ನಾವು, ಅದನ್ನೇನೂ ಮುಚ್ಚಿಡೋದು ಬೇಡ. ನಮ್ಮ ಮನೆಯಲ್ಲೂ ವಾರಕ್ಕೊಮ್ಮೆ ಮೀನು ಸಾರು. ಆದ್ರೆ ಅನುಭವ ಇರೋ ಮೀನು ಮಾರೋ ಅಮ್ಮ ತಲೆಗೆ ಒಂದೇ ಏಟು ಹಾಕಿ ಮುಗಿಸ್ತಾರೆ. ಸರ್ಕಾರದ ಜೆಸಿಬಿಗೆ ಅಷ್ಟು ಮರ್ಯಾದೆ ಇಲ್ಲ ಅನ್ನೋದು ವಿಚಿತ್ರ ಅಲ್ವಾ?

ಭಾಗ 3

ಈಗ ಜಿಲೇಬಿ ವಿಷಯಕ್ಕೆ ಬರೋಣ. ಜಿಲೇಬಿ, ಅಂದ್ರೆ ತಿಲಾಪಿಯಾ. ಆಫ್ರಿಕಾದ ಮೀನು. ಇದು ತುಂಗೆಗೆ ತಾನಾಗಿ ಈಜಿಕೊಂಡು ಬಂದಿಲ್ಲ. 1952ರಲ್ಲಿ, ಬಡವರಿಗೆ ಅಗ್ಗದ ಪ್ರೋಟೀನ್ ಸಿಗಲಿ ಅಂತ, ಅಧಿಕೃತವಾಗಿಯೇ ಭಾರತಕ್ಕೆ ತಂದದ್ದು. ಉದ್ದೇಶ ಕೆಟ್ಟದಿರಲಿಲ್ಲ. ಕೆಲವೇ ವರ್ಷಗಳಲ್ಲಿ ಗೊತ್ತಾಯ್ತು, ಇದು ತಿಂಗಳುಗಳಲ್ಲೇ ಮರಿಹಾಕೋ ವಯಸ್ಸಿಗೆ ಬಂದು ಕೆರೆ ತುಂಬಾ ಬೆರಳುದ್ದದ ಮೀನುಗಳನ್ನೇ ತುಂಬಿಬಿಡುತ್ತೆ ಅಂತ. ತಾಯಿ ಮೊಟ್ಟೆಯನ್ನ ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತೆ. ಮರಿಗಳಾದ ಮೇಲೂ ಅಪಾಯ ಕಂಡ್ರೆ ಅವು ಓಡಿ ಬಂದು ಅಮ್ಮನ ಬಾಯೊಳಗೆ ಅಡಗ್ತವೆ. ಕೆರೆಯನ್ನ ಗೆದ್ದಿದ್ದು ಈ ತಾಯ್ತನದಿಂದ. ಅದನ್ನ ನಾವು 'ದಾಳಿ' ಅಂತ ಕರೀತೀವಿ.

ಒಂದು ತಮಾಷೆ ಕೇಳಿ. ಮೊದಲು ಬಂದ ಮೊಜಾಂಬಿಕ್ ತಿಲಾಪಿಯಾ ಇದೆಯಲ್ಲ, ಅದು ತನ್ನ ಸ್ವಂತ ಊರಾದ ಆಫ್ರಿಕಾದ ನದಿಗಳಲ್ಲಿ ಈಗ ಅಪಾಯದ ಪಟ್ಟಿಯಲ್ಲಿದೆ. ಕಾರಣ, ಅಲ್ಲಿಗೆ ತಂದು ಬಿಟ್ಟ ನೈಲ್ ತಿಲಾಪಿಯಾದ ಜೊತೆ ಬೆರೆತು ಅದರ ಮೂಲ ತಳಿಯೇ ಕರಗಿ ಹೋಗ್ತಿದೆ. ನಮ್ಮ ಕೆರೆಯಲ್ಲಿ ಖಳನಾಯಕ, ತವರಿನಲ್ಲಿ ರಕ್ಷಣೆ ಬೇಕಾದ ಜೀವಿ.

ಇನ್ನೊಂದು ಪುಟ್ಟ ಮೀನು ಗ್ಯಾಂಬೂಸಿಯಾ. ಸೊಳ್ಳೆ ಮರಿ ತಿನ್ನಲಿ ಅಂತ 1928ರಲ್ಲಿ ಇಟಲಿಯಿಂದ ತರಿಸಿದ್ದು. ಅದಕ್ಕೂ ಮುಂಚೆ ಬಂದದ್ದು ಗಪ್ಪಿ. ಡೆಂಗಿ ಕಾಲ ಬಂತು ಅಂದ್ರೆ ಇವತ್ತಿಗೂ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿ, ಹೊಂಡಗಳಿಗೆ ಇವನ್ನ ಬಿಡ್ತಾರೆ, ಪೇಪರಲ್ಲಿ ಫೋಟೋನೂ ಬರುತ್ತೆ. ಸಿಮೆಂಟ್ ತೊಟ್ಟಿಗೆ ಬಿಟ್ರೆ ನನ್ನ ತಕರಾರಿಲ್ಲ. ಹಳ್ಳಕ್ಕೆ, ಕೆರೆಗೆ ಬಿಟ್ರೆ ಅವು ಕಪ್ಪೆ ಮೊಟ್ಟೆ, ಗೊದಮೊಟ್ಟೆಗಳನ್ನೂ ತಿನ್ನುತ್ತವೆ. ಬೇರೆಲ್ಲೂ ಸಿಗದ ಕಪ್ಪೆಗಳಿರೋ ಮಲೆನಾಡು ಇದು! ಸೊಳ್ಳೆ ಮರಿ ತಿನ್ನೋಕೆ ನಮ್ಮ ಹಳ್ಳಗಳಲ್ಲೇ ತಲೆ ಮೇಲೆ ಬೆಳ್ಳಿ ಚುಕ್ಕೆ ಇರೋ ಸಣ್ಣ ಮೀನುಗಳಿದ್ವು. ಗದ್ದೆ ಬದಿಯ ನೀರಿನಲ್ಲಿ ಹುಡುಕಿ, ಈಗಲೂ ಸಿಗುತ್ವೆ.

ಈಗ ಲೆಕ್ಕ ನೋಡಿ. ಒಂದು ಇಲಾಖೆ ತಂದು ಬಿಡುತ್ತೆ. ಇನ್ನೊಂದು ಇಲಾಖೆ ಆಕ್ರಮಣಕಾರಿ ಅಂತ ಘೋಷಿಸುತ್ತೆ. ಮೂರನೆಯವರಾದ ನಾವು ಟಿ-ಶರ್ಟ್‌ಗೋಸ್ಕರ ಅದನ್ನ ದಡಕ್ಕೆಸೀತೀವಿ. ಈ ಸರಪಳಿಯಲ್ಲಿ ತಪ್ಪು ಮಾಡದೇ ಇರೋದು ಒಂದೇ ಒಂದು ಜೀವಿ, ಶಿಕ್ಷೆ ಆಗೋದೂ ಅದಕ್ಕೊಂದಕ್ಕೇ.

ಭಾಗ 4

'ಸ್ಥಳೀಯ' ಅಂದ್ರೆ ಎಲ್ಲಿಯ ಸ್ಥಳೀಯ? ಇದು ನನಗೆ ತುಂಬಾ ಇಷ್ಟದ ಭಾಗ, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಆಯ್ತು. ಮೊದಲ ಸಲ ಅದರಲ್ಲಿ ಆಕ್ರಮಣಕಾರಿ ಅನ್ಯದೇಶೀ ಜೀವಿ ಅನ್ನೋ ಮಾತು ಸೇರಿತು. ಅದರ ವ್ಯಾಖ್ಯೆ: ಭಾರತಕ್ಕೆ ಸ್ಥಳೀಯವಲ್ಲದ, ವನ್ಯಜೀವಿಗೆ ಅಥವಾ ಅದರ ನೆಲೆಗೆ ಅಪಾಯ ತರುವ ಪ್ರಾಣಿ ಅಥವಾ ಸಸ್ಯ. ಗಮನಿಸಿ, ಭಾರತಕ್ಕೆ. ಅಂದ್ರೆ ಗೆರೆ ಎಳೆದಿದ್ದು ದೇಶದ ನಕ್ಷೆ ಮೇಲೆ. ಮೀನಿಗೆ ನಕ್ಷೆ ಗೊತ್ತಿಲ್ಲ, ಗೊತ್ತಿರೋದು ನದಿ ಕಣಿವೆ ಮಾತ್ರ.

ನೀವು ತಿನ್ನೋ ಕಾಟ್ಲಾ, ರೋಹು, ಮೃಗಾಲ್ ಎಲ್ಲ ಗಂಗೆಯ ಬಯಲಿನ ಮೀನುಗಳು. ನಮ್ಮ ಹೊಳೆಗಳಿಗೆ ಅವೂ ಹೊರಗಿನವೇ. ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆ ಅಂತೂ ದೇಶದ ಆಚೆಯವು. ಬಿಆರ್‌ಪಿಯಲ್ಲಿ ಸರ್ಕಾರದ್ದೇ ಮೀನುಮರಿ ಕೇಂದ್ರ ಇದೆ. ರಾಜ್ಯದ ಕೆರೆ, ಜಲಾಶಯಗಳಿಗೆ ಪ್ರತಿ ವರ್ಷ ಮೀನುಮರಿ ಬಿತ್ತನೆ ಆಗುತ್ತೆ, ಹಾರ ಹಾಕ್ಕೊಂಡ ಗಣ್ಯರು ಬಕೆಟ್ ಬಗ್ಗಿಸ್ತಾರೆ. ಅದು ಮೀನುಗಾರರ ಹೊಟ್ಟೆಪಾಡು, ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಆದ್ರೆ ಬಕೆಟ್‌ನಿಂದ ಬಿದ್ದ ಹೊರಗಿನ ಮೀನಿಗೆ ಹಾರ, ಹೊಂಡದಿಂದ ತಪ್ಪಿಸ್ಕೊಂಡ ಹೊರಗಿನ ಮೀನಿಗೆ ಬ್ಲೀಚಿಂಗ್ ಪೌಡರ್ ಅಂದ್ರೆ, ನಾವು ಅಳೀತಿರೋದು ಪರಿಸರದ ಹಾನಿಯನ್ನಾ ಅಥವಾ ಯಾರು ಬಿಟ್ಟರು ಅನ್ನೋದನ್ನಾ?

(ತ್ಯಾವರೆಕೊಪ್ಪದ ಸಿಂಹವೂ ನಮ್ಮ ಜಿಲ್ಲೆಯದ್ದಲ್ಲ ಬಿಡಿ. ಬೇಲಿಯೊಳಗಿದ್ದು ಟಿಕೆಟ್ ದುಡ್ಡು ತಂದುಕೊಟ್ರೆ ಯಾರೂ ಊರು ಕೇಳಲ್ಲ.)

ಈಗ ಮಹಶೀರ್ ಕಥೆ. ಶೃಂಗೇರಿ ಮಠದ ಮೆಟ್ಟಿಲ ಹತ್ರ ಮಂಡಕ್ಕಿ ಹಾಕಿರ್ತೀರಿ, ತೀರ್ಥಹಳ್ಳಿ ಕಡೆಯವರಿಗೆ ಚಿಪ್ಪಲಗುಡ್ಡೆ ಮತ್ಸ್ಯಧಾಮ ಗೊತ್ತು. ದೇವರ ಮೀನು, ಯಾರೂ ಮುಟ್ಟಲ್ಲ. ತುಂಗೆ, ಭದ್ರೆ ಎರಡೂ ಕೂಡ್ಲಿಯಲ್ಲಿ ಸೇರಿ ಕೊನೆಗೆ ಹೋಗೋದು ಕೃಷ್ಣೆಗೆ. ಈ ಕೃಷ್ಣಾ ಕಣಿವೆಯ ಮಹಶೀರ್‌ಗಳಲ್ಲಿ ಒಂದು ನೀಲಿ ರೆಕ್ಕೆಯದ್ದು, ಟಾರ್ ಖುದ್ರೀ. ಅಣೆಕಟ್ಟು, ಡೈನಮೈಟ್ ಎಲ್ಲ ಸೇರಿ ಮಹಶೀರ್‌ಗಳು ಕಮ್ಮಿ ಆಗ್ತಿವೆ ಅಂತ ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ಕಂಪನಿಯ ಮರಿ ಕೇಂದ್ರದಲ್ಲಿ 1970ರ ದಶಕದಿಂದ ಇದನ್ನ ಬೆಳೆಸಿದ್ರು. ಆ ಮರಿಗಳು ದೇಶದ ಹಲವು ನದಿಗಳಿಗೆ ಹೋದವು. ಕಾವೇರಿಗೂ ಹೋದವು. ಎಲ್ಲ ಸಂರಕ್ಷಣೆ ಹೆಸರಲ್ಲೇ.

ಕಾವೇರಿಯಲ್ಲಿ ಆಗಲೇ ಅದರದ್ದೇ ಆದ ಮಹಶೀರ್ ಇತ್ತು. ಬೆನ್ನು ಗೂನಿನ ದೈತ್ಯ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಗಾಳದಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು, ಅಂದ್ರೆ ಸುಮಾರು 54 ಕೆಜಿ! ಇಷ್ಟು ಪ್ರಸಿದ್ಧ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಅಂತ ಇತ್ಯರ್ಥ ಆಗಿದ್ದು 2018ರಲ್ಲಿ, ಟಾರ್ ರೆಮಾದೇವಿ ಅಂತ. ಅದೇ ವರ್ಷ ಐಯುಸಿಎನ್ ಅದನ್ನ ಅಳಿವಿನ ಅಂಚಿನ ಪಟ್ಟಿಗೆ ಹಾಕಿತು. ಅದರ ಜಾಗ ತುಂಬಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯದ್ದು.

ಅಂದ್ರೆ ಕೃಷ್ಣಾ ಕಣಿವೆಯಲ್ಲಿ ಕಾಪಾಡಬೇಕಾದ ಮೀನು ಕಾವೇರಿಯಲ್ಲಿ ಆಕ್ರಮಣಕಾರಿ. ಕಾನೂನಿನ ಪ್ರಕಾರ ಅದು 'ಭಾರತೀಯ', ಹಾಗಾಗಿ ಆ ವ್ಯಾಖ್ಯೆಯೊಳಗೆ ಬರೋದೇ ಇಲ್ಲ. ಈಗ ಹೇಳಿ, ಪೋಸ್ಟರ್ ಮೇಲಿನ 'ಹೊರಗಿನವರು' ಯಾರು?

ಭಾಗ 5

ಆ ಪದದ ಬಗ್ಗೆಯೇ ಒಂದು ಮಾತು. ನಮ್ಮ ಕ್ಲಾಸಲ್ಲಿ ಭದ್ರಾವತಿಯಿಂದ ಬರೋರು ಎಷ್ಟು ಜನ ಇದ್ದೀರಿ! ಬೆಂಕಿಪುರ ಅನ್ನೋ ಸಣ್ಣ ಊರು ಭದ್ರಾವತಿ ಆಗಿದ್ದು ಕಬ್ಬಿಣದ ಕಾರ್ಖಾನೆ, ಆಮೇಲೆ ಕಾಗದದ ಕಾರ್ಖಾನೆ ಬಂದ ಮೇಲೆ. ಕುಲುಮೆಗೆ ಕೈ ಬೇಕು ಅಂದಾಗ ತಮಿಳುನಾಡು, ಆಂಧ್ರ, ಕೇರಳದಿಂದ ಜನ ಬಂದ್ರು. ಮೂರು ತಲೆಮಾರಿನ ನಂತರ ಅವರ ಮೊಮ್ಮಕ್ಕಳು ನಮ್ಮ ಬೆಂಚಲ್ಲಿ ಕೂತು ನಮಗಿಂತ ಚೆನ್ನಾಗಿ ಕನ್ನಡ ವ್ಯಾಕರಣ ಬರೀತಾರೆ. 'ಹೊರಗಿನವರನ್ನ ಓಡಿಸೋಣ' ಅಂತ ದೊಡ್ಡ ಅಕ್ಷರದ ಪೋಸ್ಟರ್ ಹಿಡಿದು ನಿಲ್ಲುವಾಗ ಅವರಿಗೆ ಹೇಗನ್ನಿಸುತ್ತೆ ಅಂತ ಒಮ್ಮೆ ಯೋಚಿಸಿ.

ಮೀನನ್ನ ಮನುಷ್ಯರಿಗೆ ಹೋಲಿಸ್ತಿಲ್ಲ. ಹೋಲಿಸಬಾರದು ಅಂತಲೇ ಹೇಳ್ತಿರೋದು. ಜನ ವಲಸೆ ಬರ್ತಾರೆ, ಮಾತಾಡ್ತಾರೆ, ಹೊಂದಿಕೊಳ್ತಾರೆ, ಊರು ಕಟ್ತಾರೆ. ಒಂದು ಕೆರೆಯಲ್ಲಿ ಒಂದು ಜಾತಿಯ ಮೀನು ಹೆಚ್ಚಾದ್ರೆ ಇನ್ನೊಂದು ಜಾತಿ ನಿಜಕ್ಕೂ ಅಳಿದು ಹೋಗಬಹುದು. ಎರಡೂ ಬೇರೆ ಬೇರೆ ಲೆಕ್ಕ. ಎರಡಕ್ಕೂ ಒಂದೇ ಪದ ಬಳಸಿದ್ರೆ ಮೀನಿನ ಮೇಲಿನ ಸಿಟ್ಟು ಮನುಷ್ಯರ ಮೇಲೆ, ಮನುಷ್ಯರ ಮೇಲಿನ ಸಿಟ್ಟು ಮೀನಿನ ಮೇಲೆ ತಿರುಗುತ್ತೆ. 'ಈ ಮೀನು ಇಲ್ಲಿ ಇಂಥ ಹಾನಿ ಮಾಡ್ತಿದೆ' ಅನ್ನಿ, ಸಾಕು.

ಭಾಗ 6

ಹಾಗಾದ್ರೆ ಕೊಲ್ಲಲೇಬಾರದಾ? ಕಮೆಂಟ್‌ನಲ್ಲಿ ಆಗಲೇ ಇಬ್ಬರು ಕೇಳಿದ್ದೀರಿ.

ಹೌದು, ಕೊಲ್ಲಲೇಬಾರದು ಅನ್ನೋ ಒಂದು ವಾದ ಇದೆ. ಕರುಣೆಯ ಸಂರಕ್ಷಣೆ ಅಂತ ಕರೀತಾರೆ. ಪ್ರತಿ ಪ್ರಾಣಿಯ ಜೀವವೂ ಲೆಕ್ಕಕ್ಕಿದೆ, ಜಾತಿಯನ್ನ ಉಳಿಸೋಕೆ ಅಂತ ಸಾವಿರಾರು ಜೀವಗಳನ್ನ ತೆಗೆಯೋ ಹಕ್ಕು ನಮಗಿಲ್ಲ, ಮೊದಲು ಹಾನಿ ಮಾಡಬೇಡಿ ಅನ್ನೋದು ಅದರ ತಿರುಳು. ಓದಿದಾಗ ಮನಸ್ಸು ಕರಗುತ್ತೆ. ಆದ್ರೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಸುಮ್ಮನಿರೋದೂ ಒಂದು ತೀರ್ಮಾನವೇ. ಕ್ಯಾಟ್‌ಫಿಶ್ ಹೊಳೆ ಸೇರಿದ್ರೆ ಅದರ ಬಾಯಿಗೆ ಹೋಗೋ ಮರಿಮೀನುಗಳಿಗೂ ನೋವಿದೆ. ಅವು ನೀರಿನೊಳಗೆ ಸಾಯ್ತವೆ, ನಮ್ಮ ಕ್ಯಾಮೆರಾಗೆ ಬೀಳಲ್ಲ, ಅಷ್ಟೇ. ಕಣ್ಣಿಗೆ ಕಾಣೋ ಸಾವಿಗೆ ಮಾತ್ರ ಮರುಗೋದು ಕರುಣೆಯ ಅರ್ಧ ಭಾಗ.

ಜಪಾನಿನ ಅಮಾಮಿ ಓಶಿಮಾ ದ್ವೀಪದ ವಿಷಯ ಕೇಳಿ. 1979ರಲ್ಲಿ ಅಲ್ಲಿ ಹಾಬು ಅನ್ನೋ ವಿಷದ ಹಾವನ್ನ ತಿನ್ನಲಿ ಅಂತ ಸುಮಾರು 30 ಮುಂಗುಸಿ ಬಿಟ್ಟರು. ಭಾರತದ ಸಣ್ಣ ಮುಂಗುಸಿಯ ವಂಶದವು. ಹಾವು ರಾತ್ರಿ ತಿರುಗುತ್ತೆ, ಮುಂಗುಸಿ ಹಗಲು ತಿರುಗುತ್ತೆ. ಇಬ್ಬರ ಭೇಟಿಯೇ ಆಗಲಿಲ್ಲ! ಮುಂಗುಸಿ ತಿಂದಿದ್ದು ಅಮಾಮಿ ಮೊಲವನ್ನ. ಆಮೇಲೆ ದಶಕಗಳ ಕಾಲ ಬೋನು, ತರಬೇತಾದ ನಾಯಿ, ಕ್ಯಾಮೆರಾ ಇಟ್ಟು 30 ಸಾವಿರಕ್ಕೂ ಹೆಚ್ಚು ಮುಂಗುಸಿಗಳನ್ನ ಕೊಂದ್ರು. 2024ರ ಸೆಪ್ಟೆಂಬರ್‌ನಲ್ಲಿ ದ್ವೀಪದಲ್ಲಿ ಒಂದೂ ಉಳಿದಿಲ್ಲ ಅಂತ ಘೋಷಿಸಿದ್ರು. ಮೊಲಗಳು ಮತ್ತೆ ಹೆಚ್ಚಾಗಿವೆ.

30 ಮುಂಗುಸಿ ಬಿಟ್ಟ ಒಂದು ದಿನದ ಉತ್ಸಾಹಕ್ಕೆ 30 ಸಾವಿರ ಸಾವು. ಅದು ನನಗೆ ಹೆಮ್ಮೆಯ ಕಥೆಯಾಗಿ ಕಾಣಲ್ಲ. ಆದ್ರೂ ಅಲ್ಲಿ ಒಂದು ಪ್ರಾಮಾಣಿಕತೆ ಇದೆ. ಶುರು ಮಾಡಿದ್ದನ್ನ ಮುಗಿಸಿದ್ರು, ಮುಂದೆ ಕೊಲ್ಲೋ ಅಗತ್ಯವೇ ಬಾರದ ಹಾಗೆ ಮಾಡಿದ್ರು. ಸುತ್ತ ಸಮುದ್ರ ಇರೋ ದ್ವೀಪ ಆದ್ದರಿಂದ ಸಾಧ್ಯವೂ ಆಯ್ತು.

ನಮ್ಮ ಕೆರೆಗೆ ಬನ್ನಿ. ಒಂದು ಭಾನುವಾರ ಗಾಳ ಹಾಕಿ ಇನ್ನೂರು ಜಿಲೇಬಿ ಹಿಡಿದ್ವಿ ಅನ್ಕೊಳ್ಳಿ. ಉಳಿದ ಮೀನುಗಳಿಗೆ ಊಟ ಜಾಸ್ತಿ ಸಿಗುತ್ತೆ, ಬೇಗ ಬೆಳೀತವೆ, ಮುಂದಿನ ಮಳೆಗೆ ಮೊದಲಿನಷ್ಟೇ. ಆ ಇನ್ನೂರು ಸಾವುಗಳಿಂದ ಒಂದೇ ಒಂದು ಸ್ಥಳೀಯ ಮೀನೂ ಉಳಿಯಲ್ಲ. ಉಳಿಯೋದು ನಮ್ಮ ಪೇಜಿಗೆ ಹತ್ತು ಫೋಟೋ. ನನ್ನ ಮಟ್ಟಿಗೆ ಅತಿ ಕ್ರೂರವಾದ ಕೊಲ್ಲುವಿಕೆ ಅಂದ್ರೆ ಇದು, ಏನೂ ಬದಲಾಗಲ್ಲ ಅಂತ ಗೊತ್ತಿದ್ದೂ ಮಾಡೋದು. ಆಫ್ರಿಕನ್ ಬಸವನಹುಳುವಿಗೆ ಉಪ್ಪು ಸುರಿದು ನೊರೆ ಬರೋದನ್ನ ರೀಲ್ಸ್ ಮಾಡ್ತಾರಲ್ಲ, ಅದೂ ಇದೇ ಜಾತಿ. ಆ ಹುಳ ಭಾರತಕ್ಕೆ ಬಂದದ್ದು 1847ರಲ್ಲಿ, ಬೆನ್ಸನ್ ಅನ್ನೋ ಇಂಗ್ಲಿಷಿನವರು ಮಾರಿಷಸ್‌ನಿಂದ ಕಲ್ಕತ್ತೆಗೆ ತಂದಿದ್ದು. ತೋಟ ಹಾಳು ಮಾಡುತ್ತೆ, ರೈತರು ತೆಗೆಯಲೇಬೇಕು, ಸರಿ. ಅದು ನೊರೆಯಾಗೋದಕ್ಕೆ ಸ್ಲೋ ಮೋಷನ್, ಹಿನ್ನೆಲೆ ಸಂಗೀತ ಯಾಕೆ ಬೇಕು?

ಭಾಗ 7

ಇನ್ನು ಕೆಲಸದ ಮಾತು.

ಸ್ಪರ್ಧೆ ಬೇಡ ಅಂತ ನಾನು ಗ್ರೂಪ್‌ನಲ್ಲಿ ಓಟು ಹಾಕಿದ್ದೀನಿ. ಬದಲಿಗೆ ಒಂದು ಪ್ರಸ್ತಾಪ ಇಟ್ಟಿದ್ದೀನಿ. ಪ್ರತಿ ವರ್ಷ ಸೆಮಿಸ್ಟರ್ ಮುಗಿದು ರೂಮು ಖಾಲಿ ಮಾಡುವಾಗ ಏನಾಗುತ್ತೆ ಗೊತ್ತಲ್ಲ? ಫಿಶ್ ಟ್ಯಾಂಕ್ ಎತ್ಕೊಂಡು ತುಂಗೆಯ ಮೆಟ್ಟಿಲಿಗೆ ಹೋಗಿ 'ಹೋಗಿ ಮಕ್ಕಳೇ, ಸ್ವತಂತ್ರವಾಗಿರಿ' ಅಂತ ಬಿಟ್ಟು ಬರೋದು. ಪುಣ್ಯದ ಕೆಲಸ ಅಂತ ಸ್ಟೋರಿ ಹಾಕೋದು. ಟ್ಯಾಂಕ್ ಕ್ಲೀನರ್ ಅಂತ ಮಾರ್ತಾರಲ್ಲ, ಕಪ್ಪು ಚುಕ್ಕೆಯ ಸಕ್ಕರ್ ಮೀನು, ಅದು ದಕ್ಷಿಣ ಅಮೆರಿಕದ್ದು. ಅಂಗೈಯಗಲ ಇದ್ದದ್ದು ಮೊಳದುದ್ದ ಆಗುತ್ತೆ. ಮೈ ಮೇಲೆ ಮೂಳೆಯ ಕವಚ, ಬಲೆಗೆ ಬಿದ್ರೆ ಬಲೆಯೇ ಹರಿಯುತ್ತೆ. ತಿನ್ನೋಕೂ ಆಗಲ್ಲ, ಮಾರೋಕೂ ಆಗಲ್ಲ ಅಂತ ಮೀನುಗಾರರು ದಡಕ್ಕೆ ಎಸೀತಾರೆ, ಬಿಸಿಲಲ್ಲಿ ಒಣಗಿ ಸಾಯುತ್ತೆ. ಬೆಂಗಳೂರಿನ ಕೆರೆಗಳಲ್ಲಿ ಇದು ಆಗಲೇ ಇದೆ. ನಮ್ಮ ಹೊಳೆಯಲ್ಲಿ ಇದನ್ನ ತಡೆಯೋಕೆ ಒಂದು ಮೀನನ್ನೂ ಕೊಲ್ಲಬೇಕಾಗಿಲ್ಲ. ಬಿಡದಿದ್ರೆ ಆಯ್ತು.

ಅದಕ್ಕೆ ವಾಪಸ್ ಟ್ಯಾಂಕ್ ಇಡೋಣ ಅಂತ. ಲ್ಯಾಬಿನ ಮೂಲೆಯಲ್ಲಿ ಎರಡು ದೊಡ್ಡ ತೊಟ್ಟಿ ಖಾಲಿ ಬಿದ್ದಿವೆ. ಬೇಡವಾದ ಮೀನು, ಆಮೆ ಏನೇ ಇದ್ರೂ ಹೊಳೆಗೆ ಬಿಡೋ ಬದಲು ಅಲ್ಲಿಗೆ ತಂದು ಕೊಡಿ. ಸಾಕೋರು ಬೇಕು ಅಂದ್ರೆ ನಾವೇ ಹುಡುಕಿ ಕೊಡ್ತೀವಿ. ಬದುಕೋ ಸ್ಥಿತಿಯಲ್ಲಿಲ್ಲದ ಮೀನಿಗೆ, ಪ್ರಯೋಗಾಲಯಗಳಲ್ಲಿ ಅರಿವಳಿಕೆಯಾಗಿ ಬಳಸೋ ಲವಂಗದ ಎಣ್ಣೆಯ ದ್ರಾವಣ ಇದೆ, ಗೊತ್ತಿರೋ ಮೇಷ್ಟ್ರ ಕೈಲಿ ಮಾಡಿಸೋಣ. ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡೋದು ಬೇಡ, ಪ್ಲೀಸ್.

ಎರಡನೇದು, ಕೆರೆಯಲ್ಲಿ ಗಾಳದ ಬದಲು ಪಟ್ಟಿ ಮಾಡೋಣ. ಅಲ್ಲಿ ಬಲೆ ಹಾಕೋ ಮೀನುಗಾರರ ಜೊತೆ ಬೆಳಿಗ್ಗೆ ಆರಕ್ಕೆ ನಿಂತು ಬಲೆಗೆ ಏನೇನು ಬಿತ್ತು, ಎಷ್ಟು ಬಿತ್ತು ಅಂತ ಬರ್ಕೊಳ್ಳೋದು. ಅವರು ಹೇಗಿದ್ರೂ ಹಿಡೀತಾರೆ, ಆ ಮೀನು ಹೇಗಿದ್ರೂ ಊಟ ಆಗುತ್ತೆ. ಒಂದು ವರ್ಷ ಬರೆದ್ರೆ ಜಿಲೇಬಿ ನಿಜಕ್ಕೂ ಯಾವ ಮೀನಿನ ಜಾಗ ತಿಂದಿದೆ, ಅಥವಾ ಕೊಳಚೆ ನೀರಿಗೆ ಉಳಿದವು ಸತ್ತು ಹೋಗಿ ತಡ್ಕೊಳ್ಳೋ ಶಕ್ತಿ ಇರೋ ಜಿಲೇಬಿ ಮಾತ್ರ ಉಳಿದಿದೆಯಾ ಅಂತ ನಮಗೇ ಗೊತ್ತಾಗುತ್ತೆ. ನನಗಂತೂ ಎರಡನೇದರ ಮೇಲೇ ಅನುಮಾನ. ನಗರದ ಚರಂಡಿ ನೇರ ತುಂಗೆಗೆ ಬೀಳೋ ಜಾಗ ಎಲ್ಲೆಲ್ಲಿವೆ ಅಂತ ಮೂಗಿರೋ ಎಲ್ಲರಿಗೂ ಗೊತ್ತು. ಆ ಚರಂಡಿಯ ವಿರುದ್ಧ ಸ್ಪರ್ಧೆ ಇಡೋಕೆ ಯಾರೂ ಟಿ-ಶರ್ಟ್ ಪ್ರಿಂಟ್ ಮಾಡಿಸಲ್ಲ ನೋಡಿ.

ಹಳೇ ಹೆಸರುಗಳೂ ಬೇಕು. ನಿಮ್ಮ ಅಜ್ಜ, ಅಜ್ಜಿ, ಮಾವ ಯಾರಾದ್ರೂ ತುಂಗೆ, ಭದ್ರೆ, ಕುಮುದ್ವತಿಯಲ್ಲಿ ಮೀನು ಹಿಡೀತಿದ್ರೆ, ಅವರು ಹೇಳೋ ಮೀನಿನ ಹೆಸರುಗಳನ್ನ ವಾಯ್ಸ್ ನೋಟ್ ಮಾಡಿ ಕಳಿಸಿ. ಮುರುಗೋಡು ಅಂತಾರೋ ಮುಗುಡು ಅಂತಾರೋ, ಅವರು ಹೇಳಿದ ಹಾಗೇ ಇರಲಿ, ತಿದ್ದಬೇಡಿ.

ಗ್ರೂಪ್‌ನಲ್ಲಿ ಓಟಿಂಗ್ ಶುಕ್ರವಾರ ರಾತ್ರಿಯವರೆಗೆ ತೆರೆದಿರುತ್ತೆ. ಸ್ಪರ್ಧೆ ಬೇಕು ಅನ್ನೋರು ಇಲ್ಲೇ ಕೆಳಗೆ ಬರೀರಿ, ಜಗಳ ಆಡೋಣ. ಕೊನೆಯ ಫೋಟೋದಲ್ಲಿರೋದು ಲ್ಯಾಬಿನ ಆ ಖಾಲಿ ತೊಟ್ಟಿ. ಒಂದು ಏರ್ ಪಂಪ್ ಬೇಕಾಗಿದೆ, ಯಾರ ಮನೇಲಾದ್ರೂ ಹಳೇದು ಇದ್ರೆ ಡಿಎಂ ಮಾಡಿ.

#ತುಂಗಾ #ಭದ್ರಾ #ಶಿವಮೊಗ್ಗ #ಭದ್ರಾವತಿ #ಹೊಳೆಮೀನು